ಷಡ್ಡಕನ ಮನೆಯ ಕರೆಂಟು

ಸದ್ದಿಲ್ಲದ ಕಾರನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ, ಆದರೆ ಅವನಿಗೆ ಷಡ್ಡಕ ಇರಲಿಲ್ಲ ಎಂಬುದಂತೂ ಖಾತ್ರಿ. ದೊಡ್ಡ ಕಾರು ಕೊಳ್ಳುವುದೇ ನಾಲ್ಕು ಮಂದಿ ತಿರುಗಿ ನೋಡಲಿ ಅಂತ. ಮಂದಿ ತಿರುಗಬೇಕಾದರೆ ಮೊದಲು ಅವರ ಕಿವಿಗೆ ಏನಾದರೂ ಬೀಳಬೇಕು. ನಮ್ಮ ಓಣಿಗೆ ಬಾಬಾಜಾನನ ಹಳೆಯ ಟಂಟಂ ಆಟೋ ಬಂದರೆ ಮಲಗಿದ ನಾಯಿಗಳೆಲ್ಲ ಎದ್ದು ದಾರಿ ಬಿಡುತ್ತವೆ. ನನ್ನ ಕಾರು ಬಂದರೆ ಅವು ಕಣ್ಣೂ ತೆರೆಯುವುದಿಲ್ಲ. ನಾನೇ ಇಳಿದುಹೋಗಿ ಎಬ್ಬಿಸಬೇಕು.

ನಾನು ಶಂಭುಲಿಂಗ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಷಡ್ಡಕನೆಂದರೆ ನನ್ನ ಹೆಂಡತಿ ಶ್ರೀದೇವಿಯ ಅಕ್ಕ ಪ್ರೇಮವ್ವನ ಗಂಡ, ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಕೊಟ್ರಪ್ಪ. ಕೆಲವು ವರ್ಷಗಳ ಹಿಂದೆ ಅವನು ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದಿದ್ದ. ಪಂಕ್ತಿಯಲ್ಲಿ ಎಲ್ಲರೂ ಕೂತಿದ್ದಾಗ, ಮಿರ್ಚಿ ಭಜಿ ಬಡಿಸುತ್ತ ಬಂದ ಕೊಟ್ರಪ್ಪ ನನ್ನ ಮುಂದೆ ನಿಂತು, "ಬ್ಯಾಡಗಿ ಮೆಣಸಿನಕಾಯಿ ಬಣ್ಣ ಅಷ್ಟ ನೋಡ್ರಿ, ಖಾರ ಇಲ್ಲ. ಅಲ್ಲಿ ಮಂದೀನೂ ಹಂಗ" ಎಂದ. ಇಡೀ ಪಂಕ್ತಿ ನಕ್ಕಿತು. (ನನ್ನ ಹೆಂಡತಿಯೂ ನಕ್ಕಳೆಂದು ನನಗೆ ಸಂಶಯವಿದೆ, ಆಕೆ ಸೆರಗು ಬಾಯಿಗೆ ಹಿಡಿದಿದ್ದರಿಂದ ಸಾಕ್ಷಿ ಸಿಗಲಿಲ್ಲ.) ನಾನು ಅರ್ಧ ಊಟಕ್ಕೆ ಎದ್ದು, ಇನ್ನು ಈ ಮನೆಯಲ್ಲಿ ಒಂದು ಹನಿ ನೀರನ್ನೂ ಮುಟ್ಟುವುದಿಲ್ಲ ಎಂದು ಭೀಷ್ಮಪ್ರತಿಜ್ಞೆ ಮಾಡಿ ಹೊರಬಿದ್ದೆ. ಹೊರಬಿದ್ದ ಮೇಲೆ ಹಸಿವೆ ತಾಳದೆ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿಯನ್ನೇ ತಿಂದದ್ದು ಬೇರೆ ಮಾತು.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಚಿಂತೆ. ಕೊಟ್ರಪ್ಪನ ಮನೆಯ ಮುಂದೆ ಒಮ್ಮೆ ರಾಜಗಾಂಭೀರ್ಯದಿಂದ ಹಾದುಹೋಗಬೇಕು, ಅವನು ನೋಡಬೇಕು, ನಾನು ನಿಲ್ಲಬಾರದು. ಅದಕ್ಕೆ ತಕ್ಕ ವಾಹನ ಬೇಕಿತ್ತಷ್ಟೇ. ಹುಬ್ಬಳ್ಳಿಯ ಶೋರೂಮಿನಲ್ಲಿ ಅದು ಸಿಕ್ಕಿತು, ಪೆಟ್ರೋಲಿಲ್ಲದೆ ಬರೀ ಕರೆಂಟಿನ ಮೇಲೆ ಓಡುವ ಕಾರು. ಬಣ್ಣ, ನಮ್ಮ ಮೆಣಸಿನಕಾಯಿಯದೇ ಗಾಢ ಕೆಂಪು. ಒಳಗೆ ನಮ್ಮ ಮನೆಯ ಟಿವಿಗಿಂತ ದೊಡ್ಡ ಪರದೆ. ಸೀಟು ಬೆನ್ನು ಒತ್ತುತ್ತದೆ, ತಂಪಾಗುತ್ತದೆ, ಬಿಸಿಯಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಿಂತಲ್ಲಿಂದ ನೂರರ ವೇಗಕ್ಕೆ ನಾಲ್ಕೇ ಸೆಕೆಂಡು. ಶೋರೂಮಿನವನು ಒಮ್ಮೆ ತುಳಿದು ತೋರಿಸಿದಾಗ ನಾನೊಬ್ಬನೇ ಮುಂದೆ ಹೋಗಿ ನನ್ನ ಪಿತ್ತಕೋಶ ಹಿಂದೆಯೇ ಉಳಿದಂತಾಯಿತು. ಅದು ಬಂದು ಕೂಡಿಕೊಳ್ಳುವಷ್ಟರಲ್ಲಿ ಸಹಿ ಹಾಕಿಬಿಟ್ಟಿದ್ದೆ.

ಶ್ರೀದೇವಿಗೆ ಮಾತ್ರ ಕಾರು ಹಿಡಿಸಲಿಲ್ಲ. ಜೋಳದ ಚೀಲ ಇಡಲು ಜಾಗವಿಲ್ಲ, ಕೂತರೆ ನೆಲಕ್ಕೇ ಕೂತಂತೆ, ಏಳಬೇಕಾದರೆ ಇಬ್ಬರು ಕೈ ಹಿಡಿದು ಎತ್ತಬೇಕು ಎಂಬುದು ಆಕೆಯ ತಕರಾರು. ಇನ್ನೊಂದು ತೊಡಕನ್ನು ನಾನೇ ಕಂಡುಕೊಂಡೆ. ನಾಲ್ಕು ಸೆಕೆಂಡು ತುಳಿಯಲು ಬ್ಯಾಡಗಿಯಲ್ಲಿ ರಸ್ತೆಯೇ ಇಲ್ಲ. ಮಾರುಕಟ್ಟೆಯ ದಿನ ನಾಲ್ಕು ನಿಮಿಷದಲ್ಲಿ ಒಂದು ಎತ್ತಿನ ಗಾಡಿಯನ್ನು ದಾಟಿದರೆ ಅದೇ ಪುಣ್ಯ. ಚಾರ್ಜಿಗೆಂದು ಮನೆಯ ಸಾದಾ ಪ್ಲಗ್ಗಿಗೆ ಹಚ್ಚಿದರೆ ಆನೆಗೆ ಚಮಚದಲ್ಲಿ ನೀರು ಕುಡಿಸಿದ ಹಾಗೆ.

ಬೇಸಿಗೆಯ ಒಂದು ಭಾನುವಾರ ಹಾವೇರಿಯಲ್ಲಿ ನೆಂಟರ ಮದುವೆ. ಕಾರಿನ ಬ್ಯಾಟರಿ ಅರ್ಧವೂ ತುಂಬಿರಲಿಲ್ಲ. ಆದರೂ ಹೊರಟೆವು. ಅಕ್ಷತೆ ಬಿದ್ದದ್ದೇ ತಡ, ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಯಾವ ಕಡೆಯವರೂ ಅಲ್ಲದವರು, ಎಲ್ಲರನ್ನೂ ಸರದಿಯ ಮೇಲೆ ಕೂರಿಸಿಕೊಂಡು ಹೆದ್ದಾರಿಗೆ ಹೋಗಿ ನಾಲ್ಕು ಸೆಕೆಂಡು ತೋರಿಸಿದೆ. ಒಬ್ಬ ಮುದುಕರು ಇಳಿದು, ಉಂಡದ್ದು ವ್ಯರ್ಥವಾಯಿತೆಂದು ಮತ್ತೊಮ್ಮೆ ಪಂಕ್ತಿಗೆ ಹೋಗಿ ಕೂತರು. ನನ್ನ ಎದೆ ಉಬ್ಬಿತು, ಬ್ಯಾಟರಿ ಇಳಿಯಿತು.

ಹಾವೇರಿಯಿಂದ ಮರಳುವಾಗ ಮೋಟೆಬೆನ್ನೂರಿನ ಹತ್ತಿರ ನಮ್ಮ ಊರಿಗೆ ತಿರುಗಬೇಕು. ನಾನು ತಿರುಗಲಿಲ್ಲ. ಚಾರ್ಜು ಒಂದಂಕಿಗೆ ಇಳಿದು ಪರದೆ ಕೆಂಪಾಗಿತ್ತು, ಆದರೂ ನೇರ ಹೊಡೆದೆ. ಎಲ್ಲಿಗೆ ಎಂದು ಶ್ರೀದೇವಿ ಕೇಳಿದಳು. ರಾಣೆಬೆನ್ನೂರಿಗೆ, ನಿನ್ನ ಅಕ್ಕನ ಮನೆಯ ಮುಂದೆ ಹಾದು ಬರೋಣ, ನೀನು ಬೇಕಾದರೆ ಕೈ ಬೀಸು, ಆದರೆ ನಾನು ನಿಲ್ಲಿಸುವುದಿಲ್ಲ ಎಂದೆ. ಆಕೆ ಕನ್ನಡಿ ಇಳಿಸಿ ಕೂದಲು ಸರಿಮಾಡಿಕೊಂಡಳು.

ಕೊಟ್ರಪ್ಪನ ಮನೆಯ ಓಣಿಗೆ ಬಂದಾಗ ಅವನು ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದ. ಎಂಥ ಸುಮುಹೂರ್ತ ಅಂದುಕೊಂಡು ಗಾಂಭೀರ್ಯದಿಂದ ಹಾದುಹೋದೆ. ಅವನು ತಲೆ ಎತ್ತಲಿಲ್ಲ. ಹೇಗೆ ಎತ್ತುತ್ತಾನೆ, ಕಾರಿಗೆ ಸದ್ದಿದ್ದರೆ ತಾನೆ? ಸುತ್ತು ಹಾಕಿ ಮತ್ತೆ ಬಂದೆ. ಅವನು ಪೇಪರಿನ ಹಾಳೆ ತಿರುವಿದ. ಹಾರ್ನ್ ಹೊಡೆಯೋಣವೆಂದರೆ ಅದು ನಮ್ಮ ಮರ್ಯಾದೆಗೆ ಕಡಿಮೆ. ಮುಂದಿನ ಸಲ ಬಂದಾಗ ಅವನು ಒಳಗೆ ಹೋಗಿದ್ದ. ಅವನು ಹೊರಗೆ ಬರುವವರೆಗೆ ಸುತ್ತಲೇಬೇಕಾಯಿತು. ನಾನು ಯಾವ ದೇವರಿಗೂ ಅಷ್ಟು ಪ್ರದಕ್ಷಿಣೆ ಹಾಕಿದವನಲ್ಲ.

"ದೇವರ ಇನ್ನೂ ಪ್ರಸನ್ನ ಆಗವಲ್ಲನೇನ್ರಿ?" ಎಂದಳು ಶ್ರೀದೇವಿ.

ಕಡೆಗೂ ಕೊಟ್ರಪ್ಪ ಚಹಾದ ಕಪ್ಪು ಹಿಡಿದು ಹೊರಗೆ ಬಂದು ನೇರವಾಗಿ ನನ್ನ ಕಡೆ ನೋಡಿದ. ಅದೇ ಹೊತ್ತಿಗೆ ಪರದೆಯ ಮೇಲೆ ಒಂದು ಆಮೆಯ ಚಿತ್ರ ಮೂಡಿತು. (ಸುಳ್ಳಲ್ಲ, ಚಾರ್ಜು ಮುಗಿಯುತ್ತ ಬಂದಾಗ ಈ ಕಾರು ಆಮೆಯನ್ನೇ ತೋರಿಸುತ್ತದೆ. ಲಕ್ಷಗಟ್ಟಲೆ ಕೊಟ್ಟವನನ್ನು ಅಣಕಿಸಲು ಇದಕ್ಕಿಂತ ಒಳ್ಳೆಯ ಪ್ರಾಣಿ ಅವರಿಗೂ ಹೊಳೆದಿರಲಿಕ್ಕಿಲ್ಲ.) ನಾಲ್ಕು ಸೆಕೆಂಡಿನ ಕಾರು ಮದುಮಗಳಂತೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ಸರಿಯಾಗಿ ಕೊಟ್ರಪ್ಪನ ಗೇಟಿನ ಮುಂದೆ ಬಂದು ನಿಂತಿತು.

ಅವನು ಕಟ್ಟೆ ಇಳಿದು ಬಂದು ಕಾರನ್ನು ಸುತ್ತಲೂ ನೋಡಿದ. ಬಾನೆಟ್ಟಿನ ಮೇಲೆ ಕೈ ಆಡಿಸಿ, "ಬಣ್ಣ ಭಾಳ ಚಲೋ ಐತ್ರಿ" ಎಂದ. ಅಷ್ಟಕ್ಕೇ ನಿಲ್ಲಿಸಿದ. ಉಳಿದರ್ಧವನ್ನು ಆಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಆಡಲಿಲ್ಲವಾದ್ದರಿಂದ ಅದು ನನಗೆ ಇನ್ನೂ ಜೋರಾಗಿ ಕೇಳಿಸಿತು.

ಅವನೇ ಗೇಟು ತೆಗೆದ. ಅಂಗಳದಲ್ಲಿ ಬಿಸಿಲಿಗೆ ಹರವಿದ್ದ ಬೀಜದ ತಾಡಪತ್ರಿ ಎಳೆದು ಜಾಗ ಮಾಡಿದ, ಕಾರು ಹೇಗೋ ಒಳಗೆ ತೆವಳಿತು. ಬೀಜ ಸ್ವಚ್ಛ ಮಾಡುವ ಯಂತ್ರದ ಪ್ಲಗ್ಗು ಕಿತ್ತು, ನನ್ನ ಕಾರಿನ ವಾಯರು ಹಚ್ಚಿಕೊಟ್ಟ. ಒಳಗೆ ಬರ್ರಿ ಎಂದ. ನಾನು ಕಾರಿನಲ್ಲೇ ಕೂರುತ್ತೇನೆ ಎಂದೆ. ಗಾಜು ಏರಿಸಿ, ಎ.ಸಿ. ಹಾಕಿ, ಮುಖ ಬಿಗಿದು ಕೂತೆ. ಪ್ರತಿಜ್ಞೆ ಮಾಡಿದವನಿಗೆ ಕಾರೇ ಕೈಲಾಸ.

ಶ್ರೀದೇವಿ ಇಳಿದಳು, ಆದರೆ ಕಟ್ಟೆ ಹತ್ತಲಿಲ್ಲ. ಬೇವಿನ ಮರದ ಕೆಳಗೆ ನಿಂತಳು. ಪ್ರೇಮವ್ವ ಬಂದು ಕೈ ಹಿಡಿದು ಒಳಗೆ ಕರೆದರೂ ತಲೆ ಅಲ್ಲಾಡಿಸಿದಳು. ಕಡೆಗೆ ಪ್ರೇಮವ್ವನೂ ಅಲ್ಲೇ ಮರದ ಬುಡಕ್ಕೆ ಕೂತಳು. ಒಳಗೆ ಹೋಗಿದ್ದರೆ ಯಾರು ಬೇಡವೆನ್ನುತ್ತಿದ್ದರು ಎಂದು ನಾನು ಗೊಣಗಿಕೊಂಡೆ.

ಬಹಳ ಹೊತ್ತಾಯಿತು. ಪರದೆಯಲ್ಲಿ ಅಂಕಿ ಅಲುಗಲಿಲ್ಲ. ಶ್ರೀದೇವಿ ಬಂದು ಗಾಜು ಬಡಿದಳು.

"ಎ.ಸಿ. ಬಂದ್ ಮಾಡ್ರಿ. ಅಲ್ಲಿಂದ ಬಂದ ಕರೆಂಟ್ ಎಲ್ಲಾ ನಿಮ್ಮ ಮೈ ತಣ್ಣಗ ಮಾಡಾಕ ಹೊಂಟೈತಿ. ತೂತಿನ ಕೊಡಕ್ಕ ನೀರ ತುಂಬಿದಂಗ."

"ಬಂದ್ ಮಾಡಿದ್ರ ಒಳಗ ಬೇಯ್ತೀನಿ."

"ಹಂಗಾರ ಇಳೀರಿ."

"ಆಣಿ ಮಾಡೇನಿ. ಈ ಮನಿ ನೀರು ಮುಟ್ಟಾಂಗಿಲ್ಲ."

"ನೀರು ಮುಟ್ಟಾಂಗಿಲ್ಲ. ಕರೆಂಟ್ ಕುಡ್ಯಾಕತ್ತೀರಲ್ಲ, ಅದು ಯಾರ ಮನೀದು?"

ಕುಡಿಯುತ್ತಿರುವುದು ಕಾರು, ನಾನಲ್ಲ ಎಂದು ವಾದಿಸಿದೆ. ವಾದ ನನಗೇ ತೂಕದ್ದೆನಿಸಲಿಲ್ಲ. ಆಕೆ ಮರದ ಕೆಳಗೆ ಹೋದಳು. ನಾನು ರೋಷದಿಂದ ಎ.ಸಿ. ಆರಿಸಿದೆ. ರಾಣೆಬೆನ್ನೂರಿನ ಬಿಸಿಲಿನಲ್ಲಿ, ಗಾಜಿನ ಛಾವಣಿಯ ಕಾರಿನಲ್ಲಿ, ನಾನು ಹಪ್ಪಳವಾಗತೊಡಗಿದೆ. (ಆ ಗಾಜಿನ ಛಾವಣಿಯಿಂದ ನಕ್ಷತ್ರ ಕಾಣುತ್ತವೆ ಎಂದು ಶೋರೂಮಿನವನು ಹೇಳಿದ್ದ. ಹಗಲಿಗೇ ಕಂಡವು.)

ಆಗ ಕೊಟ್ರಪ್ಪ ತಾನೇ ತಂಬಿಗೆ ಹಿಡಿದು ಬಂದು ಬಾಗಿಲ ಹತ್ತಿರ ನಿಂತ. ನಾನು ಗಾಜು ಇಳಿಸಿದೆ. ಇಳಿಸದಿದ್ದರೆ ಸಾಯುತ್ತಿದ್ದೆ.

"ನೀರು ಮುಟ್ಟಾಂಗಿಲ್ಲ ಅಂದಿದ್ರಿ. ಇದು ಮಜ್ಜಿಗಿ ಐತಿ."

ನಾನು ಮುಖ ತಿರುಗಿಸಿದೆ. ಅವನು ಹೋಗಲಿಲ್ಲ. ದನಿ ತಗ್ಗಿಸಿ, "ಶಂಭಣ್ಣಾರ, ನಾ ಅಂದದ್ದು ತಪ್ಪಾತು. ನಗಸಾಕ ಹೋದೆ, ನಿಮಗ ಚುಚ್ಚಿತು. ಆದ್ರ ನಮ್ಮಿಬ್ಬರ ಸಿಟ್ಟಿಗೆ ಇವರು ಯಾಕ ಹೊರಗ ಮರದ ಬುಡಕ್ಕ ಕೂಡಬೇಕು? ನಿಮ್ಮ ಹೆಂಡ್ತಿ ಅರಿವಿ ಕೊಳ್ಳಾಕ ಅಂತ ರಾಣೆಬೆನ್ನೂರಿಗೆ ಬರ್ತಾರಲ್ಲ, ಅಂಗಡಿಗೆ ಹೋಗಂಗಿಲ್ಲ. ಅಕ್ಕ-ತಂಗಿ ಬಸ್ ಸ್ಟ್ಯಾಂಡಿನಾಗ ಕುಂತು ರೊಟ್ಟಿ ಗಂಟು ಬಿಚ್ಚಿ ತಿಂದು, ಮಾತಾಡಿ, ಬಸ್ ಹತ್ತತಾರ. ಗಂಡ ನೀರು ಮುಟ್ಟದ ಮನ್ಯಾಗ ನಾ ಹೆಂಗ ಉಣ್ಣಲಿ ಅಂತಾರಂತ" ಎಂದ.

ನನಗೆ ಇದು ಗೊತ್ತಿರಲಿಲ್ಲ. ಸೀರೆ ಕೊಳ್ಳಲು ಹೋದವಳು ಯಾವಾಗಲೂ ಬರಿಗೈಯಲ್ಲಿ ಬರುತ್ತಾಳೆ, ಎಂಥ ಮಿತವ್ಯಯದ ಹೆಂಗಸು ಎಂದು ನಾನು ಮಾರುಕಟ್ಟೆಯಲ್ಲಿ ಹೊಗಳಿಕೊಂಡು ತಿರುಗಿದ್ದೆ. ಮರದ ಕಡೆ ನೋಡಿದೆ. ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ಕೂತು ಏನೋ ಹೇಳಿಕೊಂಡು ನಗುತ್ತಿದ್ದರು, ಅವಸರದಲ್ಲಿ, ಇನ್ನೇನು ಬಸ್ಸು ಬಂದೇಬಿಡುತ್ತದೆ ಎಂಬ ಹಾಗೆ. ನನಗೆ ಬಹಳ ನಾಚಿಕೆಯಾಯಿತು. ತಂಬಿಗೆ ಇಸಿದುಕೊಂಡು ಮಜ್ಜಿಗೆಯನ್ನು ಗಟಗಟ ಕುಡಿದೆ. ನಂತರ ನೀರನ್ನೂ ಕೇಳಿದೆ.

ಆಮೇಲಿನದು ಊಟದ ಕಥೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಹೋಳಿಗೆ. ಕಾರು ಒಂದು ಅಂಕಿ ಏರುವಷ್ಟರಲ್ಲಿ ನಾನು ಒಂದು ರೊಟ್ಟಿ ಏರುತ್ತಿದ್ದೆ. ಸಂಜೆ ಕೊಟ್ರಪ್ಪನನ್ನು ಹೆದ್ದಾರಿಗೆ ಕರೆದೊಯ್ದು ನಾಲ್ಕು ಸೆಕೆಂಡು ತೋರಿಸಿದೆ. ಅವನು ಎರಡೂ ಕೈಯಿಂದ ಸೀಟು ಹಿಡಿದು, ಕಣ್ಣು ಮುಚ್ಚಿ, ಕುಲದೇವರ ಹೆಸರು ಹೇಳಿದ. ನನ್ನ ಜನ್ಮ ಸಾರ್ಥಕವಾಯಿತು. ಆ ನಾಲ್ಕು ಸೆಕೆಂಡಿಗೆ ಖರ್ಚಾದ ಚಾರ್ಜನ್ನು ಮತ್ತೆ ತುಂಬಲು ಅಂದು ಅಲ್ಲೇ ಉಳಿಯಬೇಕಾಯಿತು. ಅಕ್ಕ-ತಂಗಿಯರು ಅದಕ್ಕೆ ಕಾರನ್ನು ಬಾಯ್ತುಂಬ ಹರಸಿದರು.

ಮರುವಾರ ನಮ್ಮ ಮನೆಗೇ ದೊಡ್ಡ ಚಾರ್ಜರ್ ಕೂರಿಸಲು ಹುಬ್ಬಳ್ಳಿಯಿಂದ ಮುಜಾಫರ ಎಂಬ ಮೆಕ್ಯಾನಿಕ್ ಬರುವುದಿತ್ತು. ಅದೊಂದು ಗೋಡೆಗೆ ಕೂತರೆ ಯಾವ ಷಡ್ಡಕನ ಹಂಗೂ ಇಲ್ಲದೆ ಜಿಲ್ಲೆಯನ್ನೆಲ್ಲ ಸುತ್ತಬಹುದೆಂದು ನಾನು ಮಾರುಕಟ್ಟೆಯಲ್ಲಿ ಸಾರಿದ್ದೆ. ಮಧ್ಯಾಹ್ನ ಮನೆಗೆ ಬಂದರೆ ಗೋಡೆ ಬೋಳಾಗಿಯೇ ಇತ್ತು. ಮುಜಾಫರ ಬಂದಿದ್ದನಂತೆ, ಅವಲಕ್ಕಿ ತಿಂದು ಚಹಾ ಕುಡಿದನಂತೆ, ಚಾರ್ಜರಿನ ಸಮೇತ ವಾಪಸು ಹೋದನಂತೆ. ಯಾಕೆ ಕಳಿಸಿದೆ ಎಂದು ಕೂಗಾಡಿದೆ. ಶ್ರೀದೇವಿ ರೊಟ್ಟಿಯ ಗಂಟು ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ಮನ್ಯಾಗ ಕರೆಂಟ್ ತುಂಬಿದ್ರ, ನೀವು ನಮ್ಮ ಅಕ್ಕನ ಮನಿಗೆ ಯಾಕ ಬರ್ತೀರಿ?" ಎಂದು ಗಂಟು ಹಿಡಿದು ಹೋಗಿ ಕಾರಿನಲ್ಲಿ ಕೂತಳು.

ನಾನೂ ಹೋಗಿ ಕೂತು ಪರದೆ ನೋಡಿದೆ. ರಾತ್ರಿ ನಾನು ಹಚ್ಚಿದ್ದ ಪ್ಲಗ್ಗನ್ನು ಬೆಳಿಗ್ಗೆ ಯಾವಾಗಲೋ ಆಕೆ ಕಿತ್ತಿದ್ದಳು. ರಾಣೆಬೆನ್ನೂರಿಗೆ ಹೋಗಿ ಮುಟ್ಟುವಷ್ಟು ಚಾರ್ಜು ಇತ್ತು. ತಿರುಗಿ ಬರುವಷ್ಟು ಇರಲಿಲ್ಲ.