ತೆರೆದ ಬಾನೆಟ್

ಆ ಶನಿವಾರ ಕ್ಲೆಮ್ ಮಾಡಿದ ತಪ್ಪು ಒಂದೇ: ಗಾಡಿಯ ಬಾನೆಟ್ಟನ್ನು ಶೆಡ್ಡಿನ ಒಳಗೆ ತೆಗೆಯದೆ, ಬೀದಿಗೆ ಕಾಣುವಂತೆ ತೆಗೆದ. ವೈಯಾಲಾ ಊರಿನ ಆ ಬೀದಿಯಲ್ಲಿ ತೆರೆದ ಬಾನೆಟ್ ಎಂದರೆ ಮದುವೆಮನೆಯ ಚಪ್ಪರವಿದ್ದಂತೆ. ಯಾರನ್ನೂ ಕರೆಯಬೇಕಾಗಿಲ್ಲ.

ಆರು ಸಿಲಿಂಡರಿನ ಅವನ ಹಳೆಯ ಯೂಟ್, ಹಿಂದೆ ಸಾಮಾನು ಹೇರುವ ಗಾಡಿ, ಎರಡು ತಿಂಗಳಿಂದ ಕೆಮ್ಮುತ್ತಿತ್ತು. ಎರಡು ತಿಂಗಳ ಶನಿವಾರಗಳನ್ನೆಲ್ಲ ನೆರೆಯವರ ಸಲಹೆ ನುಂಗಿತ್ತು. ಇವತ್ತು ನಾಲ್ಕಕ್ಕೆ ಲೈಲ್ ಎಂಬವನು ಗಾಡಿ ಕೊಳ್ಳಲು ಬರುವವನಿದ್ದ. ಆರು ಸ್ಪಾರ್ಕ್ ಪ್ಲಗ್ ಬದಲಿಸಿ ಕೊಟ್ಟುಬಿಟ್ಟರೆ ಮುಂದಿನ ಶನಿವಾರ ಹಿತ್ತಿಲಲ್ಲಿ ಒಬ್ಬನೇ ಸುಮ್ಮನೆ ಕೂರಬಹುದು. ಕ್ಲೆಮ್‌ಗೆ ಬೇಕಾದದ್ದು ಅಷ್ಟೇ.

ಮೊದಲ ಪ್ಲಗ್ ಬಿಚ್ಚುವಷ್ಟರಲ್ಲಿ ಎದುರುಮನೆಯ ಮರ್ವ್ ಮಡಚುವ ಕುರ್ಚಿ ಹಿಡಿದು ಬಂದ.

"ಪ್ಲಗ್ ಅಲ್ಲ ಮಾರಾಯ, ಕಾರ್ಬುರೇಟರ್."

"ಹೋದ ವಾರ ನೀನೇ ಬ್ಯಾಟರಿ ಅಂದಿದ್ದೆ," ಎಂದ ಪಕ್ಕದ ಮನೆಯ ಸ್ಟಾವ್ರೋಸ್, ಬಿಯರ್ ಡಬ್ಬಿಗಳನ್ನು ಇಳಿಸುತ್ತ.

"ಹೋದ ವಾರ ಬ್ಯಾಟರೀನೇ ಆಗಿತ್ತು."

ಕ್ಲೆಮ್ ಎಂಜಿನ್ನಿನ ಮೇಲೆ ಬಗ್ಗಿದ. ವೈರುಗಳು ಬೆರೆಯದಿರಲೆಂದು, ಒಂದು ವೈರು ತೆಗೆದು, ಹೊಸ ಪ್ಲಗ್ ಹಾಕಿ, ಅದೇ ವೈರು ಸಿಕ್ಕಿಸಿದ ಮೇಲೆಯೇ ಅವನು ಮುಂದಿನದಕ್ಕೆ ಹೋಗುವವನು. ಕೈ ಒರೆಸುವ ಬಟ್ಟೆ ತರಲು ಒಳಗೆ ಹೋಗಿ ಬಂದಾಗ ಆರೂ ವೈರುಗಳು ಸತ್ತ ಆಕ್ಟೋಪಸ್‌ನಂತೆ ಮರ್ವ್‌ನ ಮುಷ್ಟಿಯಲ್ಲಿ ಜೋತಾಡುತ್ತಿದ್ದವು.

"ನಿಂಗೆ ಟೈಮ್ ಉಳಿಸಿದೆ ನೋಡು."

"ಯಾವುದು ಎಲ್ಲಿಗೆ, ಮರ್ವ್?"

"ಉದ್ದ ನೋಡಿ ಹಾಕೋದಪ್ಪ."

ಉಳಿದ ಪ್ಲಗ್ ಬದಲಿಸಿ, ವೈರುಗಳನ್ನು ಉದ್ದ ನೋಡಿ ಹಾಕಿದರು. ಚಾಲೂ ಮಾಡಿದರೆ ಎಂಜಿನ್ ಒದ್ದೆ ನಾಯಿಯಂತೆ ಮೈ ಕೊಡವಿ, ಹಿಂದಿನಿಂದ ಢಂ ಎಂದಿತು. ಮೂಲೆಯ ಯೂಕಲಿಪ್ಟಸ್ಸಿನ ಗಿಳಿಗಳೆಲ್ಲ ಹಾರಿಹೋದವು. ಕ್ಲೆಮ್ ಅವುಗಳನ್ನು ಅಸೂಯೆಯಿಂದ ನೋಡಿದ.

ಮೂರು ಗಂಟೆಗಳ ಕಾಲ ವೈರು ಅದಲುಬದಲಾದವು. ಅಭಿಪ್ರಾಯಗಳು ಬದಲಾಗಲಿಲ್ಲ. ನಾಲ್ಕಕ್ಕೆ ಲೈಲ್ ಬಂದ. ಹೆಚ್ಚು ಮಾತಿಲ್ಲದ ಉದ್ದನೆಯ ಮನುಷ್ಯ. ಅರ್ಧ ನಿಮಿಷ ಕಿವಿಗೊಟ್ಟು, ಎಂಜಿನ್ ನಿಲ್ಲಿಸಿ, ಎರಡು ವೈರುಗಳನ್ನು ಅದಲುಬದಲು ಮಾಡಿದ. ಮತ್ತೆ ಚಾಲೂ ಮಾಡಿದಾಗ ಗಾಡಿಯ ಮೇಲಿಟ್ಟಿದ್ದ ಕ್ಲೆಮ್‌ನ ಲೋಟದ ಚಹಾ ಕೂಡ ಅಲುಗಲಿಲ್ಲ.

"ಅದನ್ನೇ ನಾನು ಆಗ್ಲಿಂದ ಹೇಳ್ತಿದ್ದೆ," ಎಂದ ಮರ್ವ್.

ಕ್ಲೆಮ್ ಗಾಡಿಯ ಕಾಗದಪತ್ರ ಚಾಚಿದ. ಲೈಲ್ ತೆಗೆದುಕೊಳ್ಳಲಿಲ್ಲ. ಸ್ಟಾವ್ರೋಸ್ ಕೊಟ್ಟ ಬಿಯರ್ ಹಿಡಿದು ಮರ್ವ್‌ನ ಕುರ್ಚಿಯಲ್ಲಿ ಕುಳಿತ. ಬಾನೆಟ್ಟಿನ ಸುತ್ತ ನಿಂತವರನ್ನು ನೋಡುತ್ತ ಕೇಳಿದ:

"ಪ್ರತಿ ಶನಿವಾರ ಹೀಗೇನಾ?"

"ಪ್ರತಿ ಶನಿವಾರ," ಎಂದ ಕ್ಲೆಮ್.

"ನಮ್ಮ ಬೀದೀಲಿ ದಿನವಿಡೀ ಬಾನೆಟ್ ಎತ್ತಿಟ್ರೂ ಒಬ್ಬರೂ ಬಗ್ಗಿ ನೋಡಲ್ಲ," ಎಂದ ಲೈಲ್.

ಎಂಜಿನ್ ಮೆಲ್ಲಗೆ ಗುನುಗುತ್ತಿತ್ತು.

"ಸರಿಯಾಗಿ ಓಡೋ ಗಾಡಿ ತಗೊಂಡು ನಾನೇನು ಮಾಡ್ಲಿ ಕ್ಲೆಮ್?" ಎಂದ ಲೈಲ್. "ನಂದೊಂದು ನಾಲ್ಕು ವರ್ಷದಿಂದ ಕೆಟ್ಟು ನಿಂತಿದೆ. ಮುಂದಿನ ಶನಿವಾರ ಇಲ್ಲಿಗೇ ಎಳ್ಕೊಂಡು ಬರ್ತೀನಿ."

ಸ್ಟಾವ್ರೋಸ್ ಆಗಲೇ ಅಂಗಳವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದ.

"ಎರಡೂ ಗಾಡಿ ಹಿಡಿಯುತ್ತೆ ಕ್ಲೆಮ್. ನಿಂದು ಸ್ವಲ್ಪ ಹಿಂದೆ ತಳ್ಳಿದ್ರಾಯ್ತು."