ಮಾಮನ ಕಂಪ್ಯೂಟರಿನೊಳಗಿನ ರೊಟ್ಟಿ

ನಮ್ಮ ಸೋದರಮಾವನ ಮನೆಯಲ್ಲಿ ಚರ್ಚಾಸ್ಪರ್ಧೆ ನಡೆಯದೆ ಉಪ್ಪಿನಕಾಯಿ ಭರಣಿಯ ಮುಚ್ಚಳವೂ ತೆರೆಯುತ್ತಿರಲಿಲ್ಲ ಎಂದರೆ ನೀವು ನಂಬಬೇಕಿಲ್ಲ. ಪುರಾವೆಯಿಲ್ಲದೆ ನಾನೂ ಏನನ್ನೂ ನಂಬುವವಳಲ್ಲ. ಆದರೆ ಇದಕ್ಕೆ ನಾನೇ ಸಾಕ್ಷಿ! ಲಿಂಗಸುಗೂರಿನಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಮಾಮ, ಮನೆಗೆ ಬಣ್ಣ ಹೊಡೆಸುವುದಿರಲಿ, ಎಮ್ಮೆ ಮಾರುವುದಿರಲಿ, ಪಡಸಾಲೆಯಲ್ಲಿ ಇಬ್ಬರನ್ನು ನಿಲ್ಲಿಸಿ ಪರ-ವಿರೋಧ ಮಾತಾಡಿಸುತ್ತಿದ್ದ. ಒಬ್ಬೊಬ್ಬರಿಗೆ ಮೂರು ನಿಮಿಷ. ಸಮಯ ಮುಗಿದರೆ ಸ್ಟೀಲಿನ ತಾಟಿಗೆ ಚಮಚದಿಂದ ಒಂದು ಏಟು. ಗೆದ್ದವರಿಗೆ ಒಂದು ಪೆನ್ನು. ನಾನು ಕಾಲೇಜಿನಲ್ಲಿ ಗೆದ್ದ ಢಾಲುಗಳೆಲ್ಲ ಆ ತಾಟಿನ ಮುಂದೆ ಕಲಿತದ್ದರ ಫಲ.

ಎಮ್ಮೆ ಮಾರುವ ಚರ್ಚೆಯಲ್ಲಿ ಅತ್ತೆ ಒಂದು ಮಾತೂ ಆಡದೆ, ಸೆರಗನ್ನು ಕಣ್ಣಿಗೊತ್ತಿಕೊಂಡೇ ಗೆದ್ದುಬಿಟ್ಟಳಂತೆ. (ಎಮ್ಮೆ ಅವರ ಮನೆಯಲ್ಲೇ ಮುದಿಯಾಯಿತು.) ಅಂದೇ ಮಾಮ ಒಂದು ಹಾಳೆ ಟೈಪ್ ಮಾಡಿ ಗೋಡೆಗೆ ಅಂಟಿಸಿದ: "ಕಣ್ಣೀರು ವಾದವಲ್ಲ. ಅತ್ತವರು ಸೋತಂತೆ."

ತೊಂಬತ್ತರ ದಶಕದ ಕೊನೆಗೆ ಮದುವೆ ಪತ್ರಿಕೆ ಮಾಡಲೆಂದು ಕಂಪ್ಯೂಟರು ತಂದ. ಅದರಲ್ಲಿ ಪತ್ರಿಕೆಗಿಂತ ಹೆಚ್ಚಾಗಿ ತಯಾರಾದದ್ದು ರೊಟ್ಟಿ! ಮಾಮ ಹಾರ್ಮೋನಿಯಂ ನುಡಿಸುತ್ತಿದ್ದ. ತಬಲಾದವನು ಎಂದೂ ಹೊತ್ತಿಗೆ ಬರುತ್ತಿರಲಿಲ್ಲ. ಜೋಳದ ರೊಟ್ಟಿ ಬಡಿಯುವ ಸದ್ದಿಗಿಂತ ಬೇರೆ ತಾಳ ಯಾಕೆ ಬೇಕು ಎಂದು ಟೇಪ್ ರೆಕಾರ್ಡರ್ ಹಿಡಿದು ಮಸ್ಕಿ, ಸಾಲಗುಂದ ಎಂದು ಊರೂರು ತಿರುಗಿದ. ಸಿಂಧನೂರಿನ ನಮ್ಮ ಅಡುಗೆಮನೆಗೂ ಬಂದ.

"ರೊಟ್ಟಿ ತಿನ್ನಾಕ ಬಂದೀಯೋ, ಕೇಳಾಕ ಬಂದೀಯೋ?" ಎಂದಳು ಅವ್ವ.

"ಮೊದ್ಲು ಕೇಳ್ತೀನಿ, ಆಮ್ಯಾಲ ತಿಂತೀನಿ. ಬಳಿ ತಗದಿಡಬೇ ಅಕ್ಕ, ಖಣಖಣ ಅಂತಾವ."

"ಗಂಡ ಗಟ್ಟಿಮುಟ್ಟಾಗಿ ಹೊರಗ ಕುಂತಾನ, ಬಳಿ ತಗಿ ಅಂತೀಯಲ್ಲೋ."

ಅವ್ವನ ರೊಟ್ಟಿ ಬಳೆಯ ಸಮೇತ ಕಂಪ್ಯೂಟರು ಸೇರಿತು. ಮಾಮನ ಬಳಿ ಇದ್ದದ್ದು ಒಂದೇ ಕ್ಯಾಸೆಟ್ಟು. ಸದ್ದು ಕಂಪ್ಯೂಟರಿಗೆ ಹೋದ ಮೇಲೆ ಅದರ ಮೇಲೇ ಮತ್ತೊಬ್ಬರ ರೊಟ್ಟಿ. ಮೊಟ್ಟಮೊದಲು ತುಂಬಿಸಿದ್ದು ಮಸ್ಕಿಯ ದೊಡ್ಡವ್ವನದು. ಮಾಮನನ್ನು ಎತ್ತಿ ಆಡಿಸಿ ಬೆಳೆಸಿದ ಹಿರಿಯಕ್ಕ. ಸದ್ದು ತುಂಬಿಸಿದ ಮುಂದಿನ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಆಕೆಯ ರೊಟ್ಟಿಯ ಸದ್ದು ಉಳಿದದ್ದು ಆ ಡಬ್ಬಿಯೊಳಗೆ ಮಾತ್ರ. ಇದು ನನಗೆ ಗೊತ್ತಿತ್ತು.

ತೊಂದರೆ ಇಷ್ಟೇ: ತಾಳಕ್ಕೆಂದು ಒಟ್ಟಿಗೆ ನುಡಿಸುವಾಗ ನಾಲ್ಕನೆಯ ಸದ್ದು ಸೇರಿಸಿದರೆ ಕಂಪ್ಯೂಟರು ಉಸಿರು ಕಟ್ಟಿ ನಿಲ್ಲುತ್ತಿತ್ತು. ಒಟ್ಟಿಗೆ ಎಂಟು ಸದ್ದು ನುಡಿಸುವ ಸಾಫ್ಟ್‌ವೇರ್ ಬಂದಿತ್ತು, ಆದರೆ ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಬೇಕು. ಹಾಕಿಸುವುದೋ ಬಿಡುವುದೋ? ಮಾಮನಿಗೆ ಆಸೆಯೂ ಇತ್ತು, ಅಂಜಿಕೆಯೂ ಇತ್ತು.

"ನಾ ಬ್ಯಾಡ ಅಂತೀನಿ, ನೀ ಬೇಕು ಅನ್ನು. ಗೆದ್ದವ್ರು ಹೇಳಿದಂಗ ಆಗ್ಲಿ," ಎಂದ ನನಗೆ. ಅತ್ತೆ ತಾಟು ಹಿಡಿದು ತೀರ್ಪುಗಾರಳಾದಳು.

"ನಡುವ ಕರೆಂಟ್ ಹೋದ್ರ?" ಮಾಮ ಶುರು ಮಾಡಿದ.

"ಕರೆಂಟ್ ಹೋಗ್ತೈತಂತ ಗಿರಣಿಗೆ ಜೋಳ ಕಳ್ಸೋದು ಬಿಟ್ಟೀಯೇನು ಮಾಮಾ?"

ಅತ್ತೆ ಕಿಸಕ್ಕನೆ ನಕ್ಕಳು.

"ಜೋಳಾದ್ರ ಮತ್ತ ಬೀಸಬಹುದು. ಒಳಗ ಇರೋದು ಮತ್ತ..." ಮಾಮ ಅಲ್ಲಿಗೇ ನಿಂತ. ಗೋಡೆಯ ಹಾಳೆ ನೋಡಿದ. ಅವನ ಕೈಯಲ್ಲಿದ್ದ ಒಂದೇ ಗಟ್ಟಿ ವಾದ ಅವನದೇ ನಿಯಮಕ್ಕೆ ಸಿಕ್ಕಿಬಿದ್ದಿದೆ ಎಂದು ನನಗೆ ತಿಳಿಯಿತು. ತಿಳಿದು ಸುಮ್ಮನಿದ್ದೆನೇ?

"ಅಂಜಿಕಿ ಪುರಾವೆ ಅಲ್ಲ. ಹೊಸದು ಹಾಕಿದ್ರ ಹಳೇ ಫೈಲ್ ಹೋಗ್ತಾವ ಅನ್ನಾಕ ಏನು ಆಧಾರ ಐತಿ, ತೋರ್ಸು."

ಹೋಗುವುದಿಲ್ಲ ಎನ್ನಲು ನನ್ನ ಬಳಿಯೂ ಆಧಾರವಿರಲಿಲ್ಲ. ಅದನ್ನು ಮಾಮ ಕೇಳುವಷ್ಟರಲ್ಲಿ ಅತ್ತೆ ತಾಟು ಬಾರಿಸಿದಳು. ಗೆದ್ದೆ. ಫ್ಲಾಪಿಗೆ ಇಳಿಸೋಣವೆಂದರೆ ಒಂದು ರೊಟ್ಟಿಯ ಸದ್ದೂ ಒಂದು ಫ್ಲಾಪಿಯಲ್ಲಿ ಹಿಡಿಸಲಿಲ್ಲ. ಸೋತವರು ಹಿಂದೆ ಮುಂದೆ ನೋಡಬಾರದೆಂದು ಮಾಮನೇ ಅವಸರ ಮಾಡಿದ.

ಸಿಂಧನೂರಿನ ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರು ಸಿ.ಡಿ. ತಂದು ಹಾಕಿದರು. ಪರದೆಯ ಮೇಲಿನ ನೀಲಿ ಪಟ್ಟಿ ಅರ್ಧಕ್ಕೆ ಬಂದಿತ್ತು. ಕರೆಂಟು ಹೋಯಿತು. ಬಂದ ಮೇಲೆ ಕಂಪ್ಯೂಟರು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಎರಡು ದಿನ ಗುದ್ದಾಡಿದ ಮೇಷ್ಟ್ರು, "ಪೂರಾ ಅಳಿಸಿ ಹೊಸದಾಗಿ ಹಾಕಬೇಕ್ರಿ," ಎಂದರು. ಹಾಕಿದರು. ಏನು ಚಂದ ಓಡಿತು ಅಂತೀರಿ! ಎಂಟು ಸದ್ದು ಒಟ್ಟಿಗೆ ನುಡಿಸುತ್ತಿತ್ತು. ನುಡಿಸಲು ಒಂದು ಸದ್ದೂ ಉಳಿದಿರಲಿಲ್ಲ.

ಮಾಮ ಬೈಯಲಿಲ್ಲ. ಜೇಬಿನಿಂದ ಪೆನ್ನು ತೆಗೆದು, "ಗೆದ್ದೀಯಲ್ಲ, ತಗೋ," ಎಂದ. ಆ ಪೆನ್ನಿನಿಂದ ನಾನು ಇವತ್ತಿಗೂ ಒಂದಕ್ಷರ ಬರೆದಿಲ್ಲ.

ಅವ್ವ, ಸಾಲಗುಂದದ ಹೆಂಗಸರು ಮತ್ತೆ ರೊಟ್ಟಿ ಬಡಿದುಕೊಟ್ಟರು. ಮಸ್ಕಿಗೆ ಮಾತ್ರ ಮಾಮ ಟೇಪ್ ರೆಕಾರ್ಡರ್ ಒಯ್ಯಲಿಲ್ಲ. ಉತ್ತರ ಗೊತ್ತಿದ್ದರೂ ಒಂದು ದಿನ ತಡೆಯಲಾರದೆ ಕೇಳಿದೆ: "ದೊಡ್ಡವ್ವನ ಹೆಸರು ಒಂದ್ಸಲ ಎತ್ತಿದ್ರ ಅತ್ತಿ ನಿನ್ನ ಕಡೀಗೆ ಬರ್ತಿದ್ಲು. ಯಾಕ ಎತ್ತಲಿಲ್ಲ ಮಾಮಾ?"

"ಎತ್ತಿದ್ರ ಅಳು ಬರ್ತಿತ್ತು. ಅತ್ರ ಸೋತಂಗಲ್ಲೇನಬೇ."

"ಹೆಂಗಿದ್ರೂ ಸೋತಿ."

"ಹೂಂ. ಹೆಂಗಿದ್ರೂ ಸೋತೆ."

ಆಮೇಲೆ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಅಂಗೈ ಬಡಿಯತೊಡಗಿದ. ಮೂರು ಪೆಟ್ಟು, ಒಂದು ಬಿಡುವು, ಮತ್ತೆ ಎರಡು ಪೆಟ್ಟು. "ಈ ಬಿಡುವು ಐತೆಲ್ಲ, ಇಲ್ಲಿ ಅಕ್ಕ ಕಣ್ಣಾಗಿನ ಹೊಗಿ ಒರಸ್ಕೊಂತಿದ್ಲು."

ನಾನೂ ಕುರ್ಚಿ ಎಳೆದುಕೊಂಡು ಕೂತು ಬಡಿದೆ. ಮೂರಾದ ಕೂಡಲೇ ನಾಲ್ಕನೆಯದಕ್ಕೆ ಕೈ ಎತ್ತಿದ್ದೆ. ಮಾಮ ನನ್ನ ಮುಂಗೈ ಹಿಡಿದ.

"ಅವಸರ ಮಾಡಬ್ಯಾಡ," ಎಂದ. "ಅಲ್ಲಿ ಸ್ವಲ್ಪ ನಿಲ್ಲಬೇಕು."