ನೆಮೊತೊ ಹಚ್ಚಿದ ಬೆಂಕಿ

ಎಲ್ಲಕ್ಕೂ ಕಾರಣ ವಾರಪತ್ರಿಕೆಗೆ ಕಾಮಿಕ್ಸ್ ಬರೆಯುವ ನೆಮೊತೊನ ಒಂದೇ ಒಂದು ಚಿತ್ರ: ಅಪಾಯದ ದ್ವೀಪದಲ್ಲಿ ಸಿಕ್ಕಿಬಿದ್ದ ಕಥಾನಾಯಕ ಗೋರೊ ಕಡ್ಡಿಗೆ ಕಡ್ಡಿ ಉಜ್ಜಿ ಬೆಂಕಿ ಹೊತ್ತಿಸುವುದು. "ನಾವೂ ಉಜ್ಜಿದೆವು. ಅಂಗೈಗೆ ಬೊಬ್ಬೆ ಬಂತೇ ಹೊರತು ಬೆಂಕಿ ಬರಲಿಲ್ಲ. ಈತ ಸುಳ್ಳುಗಾರ" ಎಂದು ಓದುಗರು ಪತ್ರಿಕೆಗೆ ಕಾರ್ಡು ಗೀಚಿದರು.

ವರ್ಷಗಟ್ಟಲೆ ಪ್ರತಿ ವಾರ ಗೋರೊನನ್ನು ಹಾವು, ಮೊಸಳೆ, ಜ್ವಾಲಾಮುಖಿಗಳಿಂದ ಪಾರುಮಾಡಿದ ನೆಮೊತೊಗೆ ತನ್ನ ಬರೆಯುವ ಮೇಜಿನಿಂದ ಪಾರಾಗಲು ಆಗಿರಲಿಲ್ಲ. ಹೆಂಡತಿ ಫುಮಿಯನ್ನು ಬಿಸಿನೀರಿನ ಬುಗ್ಗೆಗೆ ಕರೆದೊಯ್ಯುವ ಮಾತು ಅವರ ಮದುವೆಯಷ್ಟೇ ಹಳೆಯದು. ಕತೆ ಮುಗಿಸುತ್ತೇನೆಂದು ಅಂಗಲಾಚಿದಾಗ ಸಂಪಾದಕ ಹಯಾಸಕ ಕೊನೆಗೂ ಒಪ್ಪಿದ.

"ಆಯ್ತು ಮೇಷ್ಟ್ರೇ. ನಿಮ್ಮ ಬೀದಿಯಲ್ಲಿ ಭೂಕಂಪದ ತಾಲೀಮು ಇದೆಯಲ್ಲ, ಅಲ್ಲಿ ಎಲ್ಲರೆದುರು ಕಡ್ಡಿ ಉಜ್ಜಿ. ಬೆಂಕಿ ಬಂದ್ರೆ ಫೋಟೋ ಹಾಕೋಣ, ಕತೇಲಿ ಹಡಗು ಬರುತ್ತೆ. ಬರಲಿಲ್ಲಾಂದ್ರೆ ಗೋರೊ ಅಲ್ಲೇ, ನೀವು ಇಲ್ಲೇ."

ನೆಮೊತೊಗೆ ಗ್ಯಾಸ್ ಒಲೆ ಹಚ್ಚಲೂ ಫುಮಿ ಬೇಕು. ತಾಲೀಮಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಉಜ್ಜಿದ. ಬೆಂಕಿ ಬರಲಿಲ್ಲ, ಹೊಗೆ ಬಂತು. ಬಂದದ್ದು ಸೀದಾ ಪಕ್ಕದ ಮನೆಯ ಟಕಿ ಬಿಸಿಲಿಗೆ ಹಾಕಿದ್ದ ಹಾಸಿಗೆಯೊಳಗೆ ಹೊಕ್ಕಿತು.

"ಏನ್ರೀ ಇದು! ರಾತ್ರಿ ನಾನು ಸುಟ್ಟ ಮೀನಿನ ಥರ ನಾರ್ತಾ ಮಲಗ್ಬೇಕಾ?" ಎಂದು ಕೂಗಿದ ಟಕಿ ಅಲ್ಲಿಗೇ ಬಿಡದೆ ಬೀದಿ ಸಂಘದ ಅಧ್ಯಕ್ಷ ಮಿನೊವಾನ ಬಳಿಗೆ ಓಡಿದಳು.

ಮುದುಕ ಮಿನೊವಾ ಭೂಕಂಪದಲ್ಲಿ ಬೆಂಕಿ ಬಿದ್ದರೆ ಆರಿಸಲೆಂದು ನೀರಿನ ಬಕೆಟ್ ಕೈಯಿಂದ ಕೈಗೆ ದಾಟಿಸುವ ಸಾಲನ್ನು ವರ್ಷವರ್ಷವೂ ಪಳಗಿಸಿದ್ದ. ಆದರೆ ಬೀದಿಯಲ್ಲಿ ಒಂದು ಬೀಡಿಯಷ್ಟು ಬೆಂಕಿಯೂ ಬಿದ್ದಿರಲಿಲ್ಲ. ಊಟಕ್ಕೆ ಕೂತು ಎಲೆ ಖಾಲಿಯೇ ಉಳಿದವನಂತೆ ಆತ ಕಾದಿದ್ದ. "ಆ ಚಿತ್ರದೋನ ಮೇಲೆ ಎಲ್ಲರೂ ಒಂದು ಕಣ್ಣಿಡಿ" ಎಂದ.

ತಾಲೀಮಿಗೆ ಬೀದಿಯವರೆಲ್ಲ ಸೇರಿದ್ದ ಆಟದ ಮೈದಾನದಲ್ಲಿ ನೆಮೊತೊ ಉಜ್ಜತೊಡಗಿದ. ಹಯಾಸಕ ಕ್ಯಾಮೆರಾ ಹಿಡಿದು ನಿಂತ.

"ಹಲ್ಲುಜ್ಜಿದ ಹಾಗೆ ಉಜ್ಜಿದ್ರೆ ಬರುತ್ತಾ?" ಎಂದಳು ಟಕಿ.

ನೆಮೊತೊನ ಕಣ್ಣು ಕತ್ತಲಿಟ್ಟಿತು. ಇನ್ನೇನು ಕೈಬಿಡಬೇಕು, ಕೆಂಪು ಕಿಡಿಯೊಂದು ಕಣ್ಣು ಬಿಟ್ಟಿತು. ಒಣಹುಲ್ಲು ಇಟ್ಟು ಊದಿದ. ಕಿರುಬೆರಳಷ್ಟು ಜ್ವಾಲೆ ಎದ್ದಿತು.

ಮಿನೊವಾ ಪೀಪಿ ಊದಿದ.

ಮೊದಲ ಬಕೆಟ್ ಬೆಂಕಿಯ ಮೇಲೆ ಬಿತ್ತು, ಎರಡನೆಯದು ನೆಮೊತೊನ ಮೇಲೆ. ಒಮ್ಮೆ ಹೊರಟ ಸಾಲು ಕೊನೆಯ ಬಕೆಟಿನ ತನಕ ನಿಲ್ಲುವಂತಿಲ್ಲ ಎಂಬುದು ಬೀದಿಯ ಶಿಸ್ತು. ಕೊನೆಯ ಬಕೆಟ್ ಸುರಿದವಳು ಫುಮಿ.

"ನೀನೂನಾ?"

"ನನ್ನ ಸರದಿ ಬಂತು ಕಣ್ರೀ, ಏನ್ ಮಾಡ್ಲಿ?"

ನೆಮೊತೊ ಒದ್ದೆ ಕೋಳಿಯಂತೆ ನಡುಗುತ್ತ ಕೇಳಿದ: "ಫೋಟೋ?"

"ಸಿಕ್ತು! ಬೆಂಕಿ ಏನ್ ಚೆನ್ನಾಗಿ ಬಂದಿದೆ!" ಎಂದ ಹಯಾಸಕ.

ಫುಮಿ ಬಿಸಿನೀರಿನ ಬುಗ್ಗೆಗೆ ಒಯ್ಯುವ ಟವೆಲ್ ಯಾವುದೆಂದು ಮನಸ್ಸಿನಲ್ಲೇ ಆರಿಸತೊಡಗಿದಳು.

"ಆದ್ರೆ ಮೇಷ್ಟ್ರೇ, ನೆನೆದ ಮೇಲಿನ ಈ ಮುಖ ನೋಡಿ! ಇಂಥ ಹತಾಶೆ ನೀವು ಇವತ್ತಿನವರೆಗೂ ಬರೆದಿಲ್ಲ. ಗೋರೊ ಬೆಂಕಿ ಹಚ್ತಾನೆ, ಹಡಗು ಬರುತ್ತೆ, ಅಷ್ಟರಲ್ಲಿ ಧೋ ಅಂತ ಮಳೆ! ಹಡಗು ವಾಪಸ್! ಇನ್ನೂ ಐದು ವರ್ಷ ಎಳೀಬಹುದು."

"ಮಾತು ಕೊಟ್ಟಿದ್ರಿ!" ಎಂದ ನೆಮೊತೊ.

"ಹಡಗು ಬರುತ್ತೆ ಅಂದಿದ್ದೆ. ಬರುತ್ತಲ್ಲ."

ಮಿನೊವಾ ಹತ್ತಿರ ಬಂದು ನೆಮೊತೊನ ಬೆನ್ನು ತಟ್ಟಿದ. ಮುದುಕನ ಕಣ್ಣಲ್ಲಿ ನೀರಿತ್ತು.

"ಹೆದರಬೇಡಿ ಮೇಷ್ಟ್ರೇ. ಇನ್ಮೇಲೆ ನೀವು ಯಾವಾಗ ಬೆಂಕಿ ಹಚ್ಚಿದ್ರೂ ನಾವಿದ್ದೀವಿ."